ಎಳ್ಳಿನ ಹುಳ, ಜೇನಿನ ಪತಂಗ

ಈ ವರ್ಷ ಇಚಲಕರಂಜಿಗೆ ಹೋದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಎಳ್ಳಿನ ಕಟ್ಟುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಯಡ್ರಾವದ ಹೊಲದಿಂದ ಅಂದೇ ಬಂದದ್ದು. ಎಲೆಗಳು ಇನ್ನೂ ಬಾಡಿರಲಿಲ್ಲ. ಹಸಿ ಎಳ್ಳಿನೆಲೆಯ ವಾಸನೆ ಎಣ್ಣೆಯದಲ್ಲ, ಹುರಿದ ಎಳ್ಳಿನದೂ ಅಲ್ಲ. ಒಂದು ತರಹದ ಕಮಟು. ಮುಟ್ಟಿದರೆ ಬೆರಳಿಗೆ ಲೋಳೆ ಹತ್ತಿಕೊಂಡು, ಎರಡು ಸಲ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ನಾನು ಚೀಲ ಕೆಳಗಿಟ್ಟವಳು ಅಲ್ಲಿ ಕೂರಲಾರದೆ ಒಳಗೆ ಹೋದೆ.

"ಯಾಕವಾ, ಎಳ್ಳಿಗೆ ಹೇಸಾಕತ್ತಿ? ಸಂಕ್ರಮಣದಾಗ ಉಂಡಿ ಕಟ್ಟಿದ್ರ ನಾಲ್ಕ್ ನಾಲ್ಕ್ ತಿಂತೀ," ಎಂದಳು ಅವ್ವ.

"ದಣಿವಾಗೈತಿ," ಎಂದೆ.

ಹೇಳಬೇಕಾದದ್ದನ್ನು ಹೇಳದೆ ಇರಲು ನನಗೆ ಯಾವಾಗಲೂ ಒಂದು ಸಣ್ಣ ಮಾತು ಸಿಗುತ್ತದೆ. ಗಡಹಿಂಗ್ಲಜದ ಒಂದು ಮಳೆಗಾಲದಲ್ಲಿಯೂ ಸಿಕ್ಕಿತ್ತು. ಅದರಿಂದ ಒಬ್ಬ ಹೆಂಗಸು ಇಪ್ಪತ್ತು ವರ್ಷ ಬಾಳಿದ ಮನೆಯನ್ನು ಬಿಟ್ಟು ಹೋಗಬೇಕಾಯಿತು.

ಅದು ಎರಡನೆಯ ಮಹಾಯುದ್ಧದ ಕಾಲ. ಕೊಲ್ಲಾಪುರದಲ್ಲಿ ಪ್ರಾಣಿಶಾಸ್ತ್ರ ಓದಿ ಆಗಷ್ಟೇ ಪದವಿ ಮುಗಿಸಿದ್ದೆ. ಗಡಹಿಂಗ್ಲಜದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸವಿದೆಯೆಂದು ತಿಳಿದಾಗ ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಅಲ್ಲೆ ನಮ್ಮ ಚೆನ್ನಬಸಪ್ಪ ಅದಾನ. ಅವನ ಮನ್ಯಾಗ ಇರೂದಾದ್ರ ಹೋಗು," ಎಂದರು. ಚೆನ್ನಬಸಪ್ಪನವರು ಲಿಂಗಾಯತರು, ಬೆಲ್ಲದ ವ್ಯಾಪಾರಿ. ಅಪ್ಪನಿಗೂ ಅವರಿಗೂ ಜಯಸಿಂಗಪುರದ ಪೇಟೆಯಲ್ಲಿ ಬೆಳೆದ ಸ್ನೇಹ. ಜೂನ್ ತಿಂಗಳಲ್ಲಿ ಹೊರಟೆ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿನ ಅನಿಲದಿಂದ ಓಡುತ್ತಿದ್ದವು. ಘಾಟು ಹತ್ತುವಾಗ ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದರು, ನಾನು ಛತ್ರಿ ಹಿಡಿದು ಹಿಂದೆ ನಡೆದೆ.

ಚೆನ್ನಬಸಪ್ಪ ಕಾಕಾ, ಅವರ ಹೆಂಡತಿ ನೀಲಮ್ಮ ಕಾಕು, ತೀರಿಹೋದ ತಮ್ಮನ ಹೆಂಡತಿ ಗೌರವ್ವ: ಮನೆಯಲ್ಲಿ ಮೂವರೇ. ಹೆಣ್ಣುಮಕ್ಕಳು ಲಗ್ನವಾಗಿ ಹೋಗಿದ್ದರು. ಅಡಿಗೆಮನೆ ಗೌರವ್ವನದು. ಉಗ್ರಾಣದ ಕೀಲಿ ಆಕೆಯ ಸೊಂಟದಲ್ಲಿ ಇರುತ್ತಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ಗಂಡ ಸತ್ತ ಮೇಲೆ ಆ ಮನೆಯಲ್ಲಿ ಆಕೆಗೆ ಸಿಕ್ಕ ಸ್ಥಾನವೆಂದರೆ ಆ ಕೀಲಿಯೊಂದೇ.

ಮೊದಲ ದಿನವೇ ನಮ್ಮ ಜೈನರ ಊಟದ ಕಟ್ಟಳೆಗಳನ್ನು ಸಂಕೋಚದಿಂದ ಹೇಳಿದೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆಗಳನ್ನು ತಿನ್ನುವುದಿಲ್ಲ. ಜೇನು ಮುಟ್ಟುವುದಿಲ್ಲ.

ಗೌರವ್ವ ಬೆರಳು ಮಡಚಿದಳು. "ಉಳ್ಳಾಗಡ್ಡಿ ಇಲ್ಲ, ಬೆಳ್ಳೊಳ್ಳಿ ಇಲ್ಲ, ಬಟಾಟಿ ಇಲ್ಲ, ಜೇನು ಇಲ್ಲ. ಹಂಗಾರ ಏನ್ ತಿಂದು ಬಿ.ಎಸ್ಸಿ. ಮಾಡಿದ್ರಿ, ಅಕ್ಕಾರ? ಗಾಳಿ ಕುಡದ್ರ್ಯಾ?"

ಆ ಭಾಗದಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕಾರ ಎನ್ನುತ್ತಾರೆ. ಎರಡನೆಯ ದಿನದಿಂದ ನನಗಾಗಿ ಬೇರೆ ಪಾತ್ರೆ, ಬೇರೆ ಒಗ್ಗರಣೆ. ಸಂಜೆ ಐದಕ್ಕೆ ನನ್ನ ತಾಟು ಸಿದ್ಧವಿರುತ್ತಿತ್ತು. ಉಳಿದವರಿಗೆ ಎಂಟರ ಹೊತ್ತಿಗೆ. ತಾನು ಆ ಮನೆಯಲ್ಲಿ ಇದ್ದಷ್ಟು ದಿನವೂ ಆಕೆ ನನಗಾಗಿ ದಿನಕ್ಕೆ ಒಂದು ಸಲ ಹೆಚ್ಚು ಒಲೆ ಹಚ್ಚಿದಳು.

ಹಿತ್ತಲಲ್ಲಿ ನುಗ್ಗೆಯ ಗಿಡದ ಕೆಳಗೆ ಕಾಕಾ ಸಾಕಿದ ಮೂರು ಜೇನುಪೆಟ್ಟಿಗೆಗಳಿದ್ದವು. ಗ್ರಾಮೋದ್ಯೋಗದ ಕೆಲಸಕ್ಕೆ ಬಂದವರೊಬ್ಬರಿಂದ ಕಲಿತ ವಿದ್ಯೆ. ಪೆಟ್ಟಿಗೆಯ ಬಾಗಿಲೆಂದರೆ ಕೆಳಗಿನ ಒಂದು ಸೀಳು. ಒಳಗೆ ಗಾಳಿಯಾಡಲೆಂದು ಕಾಕಾ ಅದನ್ನು ಎರಡು ಬೆರಳು ಹೋಗುವಷ್ಟು ಅಗಲ ಮಾಡಿಸಿದ್ದರು. ಜೇನು ಮಠದ ಪೂಜೆಗೆ ಹೋಗುತ್ತಿತ್ತು, ಮಿಕ್ಕಿದ್ದು ಕೆಮ್ಮಿನ ಮಕ್ಕಳಿಗೆ. ಜೇನು ತೆಗೆಯುವ ದಿನ ತಟ್ಟೆ ನೆಕ್ಕುವ ಹಕ್ಕು ತನ್ನದೆಂದು ಗೌರವ್ವ ಎಲ್ಲರ ಮುಂದೆ ಹೇಳುವಳು. "ಕೂದಲ ಬೆಳ್ಳಗಾದ್ರೂ ನಾಲಗಿ ಇನ್ನಾ ಹಸಗೂಸು," ಎಂದು ಕಾಕು ಚುಚ್ಚುವರು. ಆಗ ಅದು ನಗೆಯ ಮಾತಾಗಿತ್ತು.

ಪೆಟ್ಟಿಗೆಗಳ ಹಿಂದೆ ಗೋಡೆಯ ಗುಂಟ ಕಾಕು ಒಂದು ಸಾಲು ಎಳ್ಳು ಚೆಲ್ಲಿದ್ದರು. ಶ್ರಾವಣದ ಮೊದಲ ವಾರ ಗೌರವ್ವ ಒಂದು ಎಳ್ಳಿನ ಟೊಂಗೆಯನ್ನು ಮುಂದಕ್ಕೆ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು.

"ಅಕ್ಕಾರ, ನಿಮ್ಮ ಶಾಲಿಗೆ ಹೊಸಾ ಹುಡುಗಿ ಬಂದಾಳ. ಹೆಸರ ಹಚ್ಚಿಕೋರಿ."

ಟೊಂಗೆಯ ಮೇಲೆ ನನ್ನ ನಡುಬೆರಳಿಗಿಂತ ದಪ್ಪನೆಯ ಹಸಿರು ಹುಳವಿತ್ತು. ಪಕ್ಕೆಗಳಲ್ಲಿ ಓರೆಯಾಗಿ ಎಳೆದ ಏಳು ನೇರಳೆ ಪಟ್ಟೆ. ಬಾಲದಲ್ಲಿ ಡೊಂಕಾದ, ಮುತ್ತುಮುತ್ತಾದ ಒಂದು ಕೊಂಬು. ಕಡ್ಡಿಯಿಂದ ಮುಟ್ಟಿದೆ. ದವಡೆ ಕಡಿದು ಚಟಚಟ ಸದ್ದು ಮಾಡಿತು. ಗೌರವ್ವ ಒಂದು ಹೆಜ್ಜೆ ಹಿಂದೆ ಸರಿದಳು. "ಬೈಯಾಕತ್ತಾಳ ನೋಡ್ರಿ, ಕಲಿಯೋ ಮದಲ!"

ಕೊಲ್ಲಾಪುರ ಬಿಡುವಾಗ ನಮ್ಮ ಪ್ರಾಧ್ಯಾಪಕರು ಒಂದು ಮಾತು ಹೇಳಿದ್ದರು: ಯಾವುದಾದರೂ ಒಂದೇ ಕೀಟದ ಬದುಕನ್ನು ಆದಿಯಿಂದ ಅಂತ್ಯದವರೆಗೆ ನೋಡಿ ಬರೆ, ಯೋಗ್ಯವಾಗಿದ್ದರೆ ಅಚ್ಚಿಗೆ ನಾನು ಕಳಿಸುತ್ತೇನೆ. ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳದೆ ಎದೆಯಲ್ಲಿ ಇಟ್ಟುಕೊಂಡಿದ್ದೆ. ಎಳ್ಳಿನ ಸಾಲಿನಲ್ಲಿ ಹುಡುಕಿದರೆ ಇನ್ನೂ ಹತ್ತು ಹುಳ ಸಿಕ್ಕವು. ಚಹದ ಹಲಗೆಪೆಟ್ಟಿಗೆಯಲ್ಲಿ ಒದ್ದೆ ಮಣ್ಣು ತುಂಬಿ, ಮೇಲೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿ ಅವನ್ನು ಸಾಕಿದೆ. ಎಷ್ಟು ಎಲೆ ತಿಂದವು, ಎಂದು ಪೊರೆ ಬಿಟ್ಟವು, ಕೊಂಬು ಯಾವ ದಿನ ಬಣ್ಣ ತಿರುಗಿತು, ಎಲ್ಲ ವಹಿಯಲ್ಲಿ ಬರೆದೆ. ಎರಡನೆಯ ವಾರದ ಕೊನೆಗೆ ದೊಡ್ಡವು ತಿನ್ನುವುದು ಬಿಟ್ಟು, ಕಂದು ಬಣ್ಣಕ್ಕೆ ತಿರುಗಿ, ಪೆಟ್ಟಿಗೆಯ ತುಂಬ ದಿಕ್ಕುಗೆಟ್ಟಂತೆ ಹರಿದಾಡಿ, ಮಣ್ಣೊಳಗೆ ಇಳಿದವು. ಒಂದನ್ನು ಬಗೆದು ನೋಡಿದೆ. ಒಂದು ಗೇಣಿನ ಅರ್ಧದಷ್ಟು ಆಳದಲ್ಲಿ, ತಾನೇ ನುಣ್ಣಗೆ ಮೆತ್ತಿಕೊಂಡ ಗೂಡಿನಲ್ಲಿ, ಖರ್ಜೂರದ ಬಣ್ಣದ ಕೋಶ.

ಭಾದ್ರಪದ ಬರುವ ಮುನ್ನ ಏಳು ಪತಂಗಗಳು ಹೊರಬಂದವು. ಒಂದೊಂದೂ ಅಂಗೈ ಅಗಲದ್ದು, ಮೇಲಿನ ರೆಕ್ಕೆ ಒದ್ದೆ ತೊಗಟೆಯಂತೆ, ಕೆಳಗಿನದು ಅರಿಸಿನ, ಹೊಟ್ಟೆಯ ಮೇಲೆ ಅರಿಸಿನ ಕಪ್ಪು ಪಟ್ಟೆ. ಬೆನ್ನಿನ ಮೇಲೆ ಎರಡು ಕಣ್ಣುಕುಳಿಗಳ ಒಂದು ಮೋರೆ. ಗಾಬರಿಯಾದರೆ ಇಲಿಮರಿಯಂತೆ ಚೀರುತ್ತಿತ್ತು. ಮಾತಿಲ್ಲದ ಜಾತಿಯಲ್ಲಿ ಹುಟ್ಟಿದ ಜೀವ ಹೀಗೆ ಚೀರುವುದನ್ನು ಕೇಳಿ ನನಗೇ ಮೈ ಝುಮ್ಮೆಂದಿತು.

ಕಾಕು ಬಾಗಿಲಲ್ಲೇ ನಿಂತು, "ಅಪಶಕುನ. ಹೊರಗ ಬಿಡ್ರಿ," ಎಂದರು.

"ಅಪಶಕುನ ಏನಿಲ್ಲ ಬಿಡ್ರಿ ಯಕ್ಕಾ," ಎಂದು ಗೌರವ್ವ ಬಗ್ಗಿ ನೋಡಿದಳು. "ನಮ್ಮ ಅತ್ತಿ ಮಾರಿನೂ ಹಿಂಗ ಇತ್ತು. ಚೀರೂದೂ ಹಿಂಗ."

ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. ಅವರಿಬ್ಬರೂ ಕೂಡಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಒಂದು ಜೋಡಿಯನ್ನಾದರೂ ಕೊಂದು, ಸೂಜಿ ಚುಚ್ಚಿ ಇಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಔಷಧಿಯ ಬಾಟಲಿ ನನ್ನ ಟ್ರಂಕಿನಲ್ಲಿಯೇ ಇತ್ತು. ಕೈ ಬರಲಿಲ್ಲ. ಅಳತೆ ತೆಗೆದುಕೊಂಡು, ಚಿತ್ರ ಬರೆದುಕೊಂಡು, ಏಳನ್ನೂ ಸಂಜೆ ಹಿತ್ತಲಲ್ಲಿ ಬಿಟ್ಟೆ. ಜೀವ ಉಳಿಸಿದೆನೆಂಬ ಹಗುರದಲ್ಲಿ ಮಲಗಿದೆ.

ನನ್ನ ಊಟ ಐದಕ್ಕೇ ಮುಗಿಯುತ್ತಿತ್ತು. ಕಾಕಾ ಕಾಕು ದೀಪ ಹಚ್ಚಿ ಲಿಂಗಪೂಜೆಗೆ ಕೂರುವ ಹೊತ್ತು ನನಗೆ ಬಿಡುವು. ಅಂಥದೊಂದು ಮುಸ್ಸಂಜೆ ಹಿತ್ತಲಲ್ಲಿ ನಿಂತಿದ್ದಾಗ ಒಂದು ಪತಂಗ ಮೂರನೆಯ ಪೆಟ್ಟಿಗೆಯ ಮುಂದೆ ಎರಡು ಸುತ್ತು ಹಾಕಿ, ಹಲಗೆಯ ಮೇಲೆ ಇಳಿದು, ಆ ಅಗಲದ ಸೀಳಿನಲ್ಲಿ ನಡೆದು ಒಳಗೆ ಹೋಯಿತು. ಕಾವಲಿನ ಜೇನುಹುಳಗಳು ಬೆನ್ನಟ್ಟಿದವು. ನಾನು ಪೆಟ್ಟಿಗೆಗೆ ಕಿವಿ ಹಚ್ಚಿದೆ. ಸಾವಿರ ಹುಳಗಳ ಗುಂಯ್ಗುಡುವಿಕೆಯ ನಡುವೆ ಅದೇ ಚೀರು ಕೇಳಿತು, ಕೂಡಲೇ ಜೇನುಹುಳಗಳ ಸದ್ದು ಅಡಗಿತು. ಸ್ವಲ್ಪ ಹೊತ್ತಿಗೆ ಹೊಟ್ಟೆ ಭಾರವಾದ ಪತಂಗ ಹಿಂದಕ್ಕೆ ಬಂದು ಹಾರಿತು.

ಆಗ ಅದರ ಸೊಂಡಿಲಿನ ಅರ್ಥ ನನಗೆ ಹೊಳೆಯಿತು. ಬೇರೆ ಪತಂಗಗಳಿಗೆ ಹೂವಿನ ಆಳಕ್ಕಿಳಿಯುವ ಉದ್ದನೆಯ ಎಳೆಯಂಥ ಸೊಂಡಿಲು ಇರುತ್ತದೆ. ಇದರದು ಗಿಡ್ಡ, ದಪ್ಪ, ತುದಿ ಚೂಪು. ಹೂವಿಗೆ ಬಾರದ್ದು, ಮೇಣ ಚುಚ್ಚಿ ಜೇನು ಹೀರುವುದಕ್ಕೆ ಹೇಳಿ ಮಾಡಿಸಿದಂಥದ್ದು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡ ಸಂತೋಷ ಎಷ್ಟಿತ್ತೆಂದರೆ, ಒಳಗೆ ಹೋಗಿ ದೀಪ ಹಚ್ಚುವ ಮೊದಲೇ ವಹಿ ತೆರೆದು ಬರೆದೆ.

ಕಾಕಾನಿಗೆ ಹೇಳಬೇಕಿತ್ತು. ಬಾಗಿಲಿಗೆ ಒಂದು ಹಲಗೆಯ ಚೂರು ಬಡಿದು ಸಣ್ಣದು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಮರುದಿನ ಎಷ್ಟು ಬರುತ್ತವೆ, ಅದೇ ಪೆಟ್ಟಿಗೆಗೆ ಬರುತ್ತವೆಯೇ, ನೋಡಬೇಕೆನಿಸಿತು. ಎರಡನೆಯ ಸಂಜೆ ಎರಡು ಬಂದವು. ಐದನೆಯ ಸಂಜೆ ನಾಲ್ಕು. ಹಗಲು ಆ ಪೆಟ್ಟಿಗೆಯ ಹುಳಗಳು ಬಾಗಿಲಲ್ಲಿ ಗುಂಪುಗಟ್ಟಿ ಕಂಗಾಲಾಗಿ ಕೂರುತ್ತಿದ್ದವು, ಅದನ್ನೂ ಬರೆದೆ. ಹೀಗೆ ಏಳು ಸಂಜೆ ನಿಂತು ನೋಡಿದೆ.

ಈ ನಡುವೆ ನಮ್ಮ ಹತ್ತು ದಿನಗಳ ಪರ್ವ ಬಂತು. ಆ ದಿನಗಳಲ್ಲಿ ನಾವು ಹಸಿರು ತಿನ್ನುವುದಿಲ್ಲ. ನಾನು ಎಲೆ ಹರಿಯುವುದನ್ನೂ ಬಿಡುತ್ತೇನೆಂದು ನಿಯಮ ಹಿಡಿದಿದ್ದೆ. ನನ್ನ ಹಲಗೆಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ತಡವಾಗಿ ಹುಟ್ಟಿದ ಹುಳಗಳಿದ್ದವು, ಅವುಗಳಿಗೆ ದಿನವೂ ಹೊಸ ಎಲೆ ಬೇಕು. ಗೌರವ್ವನನ್ನು ಕೇಳಿದೆ.

"ಆತು ತಗೋರಿ. ಎಲಿ ಹರದ ಪಾಪ ನನಗ, ಹುಳಾ ಸಾಕಿದ ಪುಣ್ಯ ನಿಮಗ," ಎಂದು ನಕ್ಕಳು.

ದಿನವೂ ನನ್ನ ತಾಟು ತೊಳೆದಿಟ್ಟ ಮೇಲೆ, ಮುಸ್ಸಂಜೆ, ಪೆಟ್ಟಿಗೆಗಳ ಹಿಂದಿನ ಎಳ್ಳಿನ ಸಾಲಿಗೆ ಹೋಗಿ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವಳು. ನಾನು ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತಿರುತ್ತಿದ್ದೆ. "ಏನ್ ಹೇಳ್ತಾವ್ರಿ ಒಳಗ?" ಎಂದು ಒಮ್ಮೆ ಕೇಳಿದಳು. "ಸುಮ್ಮನೆ ಕೇಳಾಕತ್ತೇನಿ," ಎಂದೆ.

ಎಂಟನೆಯ ಸಲ ಎಲೆ ಬಂದ ಮರುದಿನ ಬೆಳಿಗ್ಗೆ ಮಠದಿಂದ ಜೇನಿಗೆ ಹೇಳಿಕಳಿಸಿದರು. ಕಾಕಾ ಮೂರನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಂದು ಹುಳವೂ ಇರಲಿಲ್ಲ. ಜೇನಿನ ಹುಟ್ಟುಗಳು ಒಣಗಿದ್ದವು, ಮೇಣದ ಮುಚ್ಚಳಗಳು ಹರಿದು, ತಳದ ಹಲಗೆಯ ಮೇಲೆ ಪುಡಿ ಬಿದ್ದಿತ್ತು. ಕಾಟಕ್ಕೆ ಸಿಕ್ಕ ಜೇನುಹುಳಗಳು ಗೂಡು ಬಿಟ್ಟು ಹೋಗುವಾಗ ಉಳಿದ ಜೇನನ್ನೆಲ್ಲ ಹೊಟ್ಟೆಗೆ ತುಂಬಿಕೊಂಡೇ ಹೋಗುತ್ತವೆ. ಅದು ನನಗೆ ಗೊತ್ತಿತ್ತು. ಕಾಕಾನಿಗೆ ಗೊತ್ತಿರಲಿಲ್ಲ.

"ಇದು ಹುಳದ ಕೆಲಸ ಅಲ್ಲ," ಎಂದರು ಕಾಕಾ. "ಯಾರೋ ಕೈ ಹಾಕ್ಯಾರ. ಕೈ ಹಾಕಿದ್ದಕ್ಕ ಮುನಿಸಿಕೊಂಡು ಹೋಗ್ಯಾವ."

ಕಾಕು ತಡಮಾಡಲಿಲ್ಲ. "ಪೂಜಿ ನೀರಿಗೆ ಬಂದಾಗ ದಿನಾ ನೋಡಾಕತ್ತೇನಿ. ಕತ್ತಲಾಗೂ ಹೊತ್ತಿಗೆ ಗೌರಿ ಪೆಟಿಗಿ ಹಂತ್ಯಾಕ ಹೋಗ್ತಾಳ, ಸೆರಗಿನ್ಯಾಗ ಏನೋ ಕಟಗೊಂಡು ಬರ್ತಾಳ."

ಅವರು ನನ್ನನ್ನೂ ಅಲ್ಲಿ ನೋಡಿರಲೇಬೇಕು. ಆದರೆ ಜೇನು ಮುಟ್ಟದವಳು ಜೇನಿನ ಪೆಟ್ಟಿಗೆಯ ಹತ್ತಿರ ನಿಂತರೆ ಯಾರಿಗೆ ಸಂಶಯ ಬರುತ್ತದೆ?

"ಎಲಿ, ಯಕ್ಕಾ! ಎಳ್ಳಿನ ಎಲಿ. ಅಕ್ಕಾರ ಹುಳಕ್ಕ ಒಯ್ತಿದ್ದೆ," ಎಂದಳು ಗೌರವ್ವ. ಮೊದಲಿಗೆ ಆಕೆ ಇನ್ನೂ ನಗುತ್ತಲೇ ಇದ್ದಳು.

ಕಾಕು ಆಕೆಯ ಬಲಗೈ ಹಿಡಿದೆಳೆದು ಬೆರಳುಗಳನ್ನು ಮೂಸಿದರು. ಎಳ್ಳಿನೆಲೆಯ ಕಮಟು ಬಂದಿರಬೇಕು. "ಜೇನಿನ ವಾಸನಿ ಹೋಗ್ಲೆಂತ ಎಲಿ ತಿಕ್ಕಿಕೊಂಡಿ," ಎಂದರು.

ಗೌರವ್ವನ ನಗೆ ನಿಂತಿತು. ನಲವತ್ತು ದಾಟಿದ ಹೆಂಗಸು, ಬೆಳಗಿನ ಬೆಳಕಿನಲ್ಲಿ, ಮಠದ ಆಳಿನ ಎದುರಿಗೆ, ತನ್ನ ಕೈ ಇನ್ನೊಬ್ಬರ ಮೂಗಿನ ಹತ್ತಿರ ಇರುವಂತೆಯೇ ನಿಂತಳು.

ಕಾಕಾ ನನ್ನ ಕಡೆ ತಿರುಗಿದರು. "ಅಕ್ಕಾರ, ನೀವು ಸುಳ್ಳ ಹೇಳುವವರಲ್ಲ. ದಿನಾ ಎಲಿ ತಾ ಅಂತ ನೀವ ಹೇಳಿದ್ರೇನು?"

"ಒಂದೆರಡು ಸಲ ಕೇಳಿದ್ದೆ," ಎಂದೆ.

ಎಂಟು ಸಲ. ವಹಿಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೆ. ಹುಳವೊಂದು ಎಷ್ಟು ಎಲೆ ತಿಂದಿತೆಂಬುದರಲ್ಲಿ ತಪ್ಪು ಮಾಡದವಳು ನಾನು.

"ಒಂದೆರಡು ಸಲ! ಮತ್ತ ಉಳಕಿ ದಿನ ಯಾಕ ಹೋಗಿದ್ದಿ?" ಎಂದರು ಕಾಕು.

ಗೌರವ್ವ ಕಾಕುವಿನ ಕಡೆಯಿಂದ ಮುಖ ತಿರುಗಿಸಿದಳು. ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ದಿನವೂ ಹೊತ್ತು ತರುವ ಕೊಡ ಇವತ್ತೇಕೆ ಸೋರಿತು ಎಂದು ತಿರುಗಿಸಿ ನೋಡುವಂಥ ನೋಟ. ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು.

ನಾನೇಕೆ ಹಾಗೆ ಹೇಳಿದೆ? ವ್ರತದ ದಿನಗಳಲ್ಲಿ ಮಾಡಬಾರದ್ದನ್ನು ಇನ್ನೊಬ್ಬಳ ಕೈಯಿಂದ ಮಾಡಿಸಿದ್ದು ಬಯಲಾಗುತ್ತದೆಂದು. ಪತಂಗದ ವಿಷಯ ಬಂದರೆ ನನ್ನ ಹಲಗೆಪೆಟ್ಟಿಗೆಯನ್ನು ಎತ್ತಿ ಬಿಸಾಡುತ್ತಾರೆಂದು, ಬರಹ ಅರ್ಧಕ್ಕೆ ನಿಲ್ಲುತ್ತದೆಂದು. ಅಪ್ಪನಿಗೆ ಕಾಗದ ಹೋಗುತ್ತದೆಂದು. ಪರರ ಮನೆಯ ಜಗಳದಲ್ಲಿ ಬಾಯಿ ಹಾಕಬಾರದೆಂದು ನನಗೆ ಕಲಿಸಿದ್ದಾರೆ ಎಂದೂ ಆ ದಿನ ನನಗೆ ನಾನೇ ಹೇಳಿಕೊಂಡೆ. ಕಾಕಾ ಮಾತ್ರ ಸಂಜೆ ಯಾರಿಗೋ ಹೇಳುತ್ತಿದ್ದರು: "ಆ ಹುಡುಗಿ ಭಾಳ ಗಂಭೀರ. ಒಂದ್ ಮಾತು ಹೆಚ್ಚಿಗಿ ಆಡಲಿಲ್ಲ."

ಅಂದು ಕಾಕು ಒಲೆಯ ಮುಂದೆ ಕೂತರು. ನನ್ನ ಊಟದ ಹೊತ್ತು ಅವರಿಗೆ ನೆನಪಿರಲಿಲ್ಲ. ನಾನು ಕೇಳಲೂ ಇಲ್ಲ. ಅಡಿಗೆಮನೆಯ ಹೊಸ್ತಿಲ ಹೊರಗಿನಿಂದ ಗೌರವ್ವನ ದನಿ ಬಂತು: "ಯಕ್ಕಾ, ಹೊತ್ತು ಮುಳುಗಾಕತ್ತೈತಿ. ಅಕ್ಕಾರದು ಊಟ ಆಗಿಲ್ಲ."

ನಾನು ಆ ಊಟವನ್ನು ಉಂಡೆ.

ಪರ್ವ ಮುಗಿದ ಮರುದಿನ ನಮ್ಮಲ್ಲಿ ಕ್ಷಮಾವಣಿ. ಬಸದಿಯಿಂದ ಬಂದು ಮನೆಯ ಪ್ರತಿಯೊಬ್ಬರ ಮುಂದೆಯೂ ಕೈಮುಗಿದು, ವರ್ಷದಲ್ಲಿ ತಿಳಿದೋ ತಿಳಿಯದೆಯೋ, ಮನಸ್ಸಿನಿಂದಲೋ ಮಾತಿನಿಂದಲೋ ಕೃತಿಯಿಂದಲೋ ಆದ ತಪ್ಪನ್ನು ಕ್ಷಮಿಸಿರೆಂದು ಕೇಳುತ್ತೇವೆ. ದೊಡ್ಡವರು ಚಿಕ್ಕವರನ್ನೂ ಕೇಳುತ್ತಾರೆ. ಕಾಕಾನ ಮುಂದೆ ಕೈಮುಗಿದಾಗ ಅವರ ಕಣ್ಣುಗಳು ಒದ್ದೆಯಾದವು. "ಎಂಥಾ ಛಲೋ ಪದ್ಧತಿ ನಿಮ್ಮದು," ಎಂದರು.

ಗೌರವ್ವ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಗಂಟು. ಆಕೆಯನ್ನು ಒಯ್ಯಲು ಹಳ್ಳಿಯಿಂದ ಅಣ್ಣನ ಗಾಡಿ ಬರುವುದಿತ್ತು. ನಾಲ್ಕು ದಿನ ಇದ್ದು ಬರಲಿ ಎಂದು ಕಾಕು ಹೇಳಿದ್ದರು, ನಾಲ್ಕು ದಿನವೆಂದರೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಕೈಮುಗಿದು ಅದೇ ಮಾತುಗಳನ್ನು, ಅದೇ ಕ್ರಮದಲ್ಲಿ ಹೇಳಿದೆ.

"ಕ್ಷಮಾ ಮಾಡೇನ್ರಿ," ಎಂದಳು. ಗಂಟನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು: "ಮತ್ತೇನರ ಹೇಳೂದೈತೇನ್ರಿ, ಅಕ್ಕಾರ?"

ಗಾಡಿಯ ಗೆಜ್ಜೆ ಇನ್ನೂ ದೂರವಿತ್ತು. ಹೇಳಲು ಹೊತ್ತು ಸಾಕಾಗಿತ್ತು.

"ಇಲ್ಲ," ಎಂದೆ.

ಕಾರ್ತಿಕದಲ್ಲಿ ಬರಹ ಮುಗಿಸಿ ಕೊಲ್ಲಾಪುರಕ್ಕೆ ಕಳಿಸಿದೆ. ಮಾಘದಲ್ಲಿ ಅಚ್ಚಾಗಿ ಬಂತು. ಇಂಗ್ಲಿಷಿನಲ್ಲಿ ಮೂರು ಪುಟ, ಕೊನೆಯಲ್ಲಿ ನನ್ನ ಹೆಸರು. ಪತಂಗ ಜೇನುಪೆಟ್ಟಿಗೆಗೆ ಹೋಗುವುದನ್ನು ಏಳು ಸಂಜೆ ಸತತವಾಗಿ ನೋಡಿದ ಭಾಗವೇ ಅದರ ಜೀವಾಳವೆಂದು ಪ್ರಾಧ್ಯಾಪಕರು ಬರೆದಿದ್ದರು. ಶಾಲೆಯಲ್ಲಿ ಪೇಢೆ ಹಂಚಿದರು. ಕಾಕಾ ಆ ಹಾಳೆಗಳನ್ನು ಅಂಗಡಿಗೆ ಒಯ್ದು ಬಂದವರಿಗೆಲ್ಲ ತೋರಿಸಿದರು. "ನಮ್ಮ ಮನ್ಯಾಗ ಕುಂತ ಬರದದ್ದು! ಏನ್ ಬರದೀರಿ ಅಕ್ಕಾರ ಇದ್ರಾಗ?"

"ಎಳ್ಳಿನ ಹುಳದ ವಿಷಯ," ಎಂದೆ. ಮತ್ತೆ ಅಂಥದೇ ಒಂದು ಸಣ್ಣ ಮಾತು.

ಅವರ ಕೈಯಲ್ಲಿ ಆ ಹಾಳೆ ಇತ್ತು. ಗೌರವ್ವ ಕಳ್ಳಿಯಲ್ಲವೆಂಬುದು ಅದರಲ್ಲಿ ತಾರೀಖಿನ ಸಮೇತ ಇತ್ತು, ಓದಲು ಬಾರದ ಅಕ್ಷರಗಳಲ್ಲಿ. ಆ ವಾರ ನನಗೆ ಅನ್ನ ಸೇರಲಿಲ್ಲ. ಭಾನುವಾರ ಗೌರವ್ವನ ಅಣ್ಣನ ಹಳ್ಳಿಗೆ ಹೋದೆ.

ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿದ್ದರು. ಗೌರವ್ವ ತೊಟ್ಟು ಬಿಡಿಸುತ್ತ ಕೂತಿದ್ದಳು. ಹೊಲಕ್ಕೂ ಹೋಗುತ್ತಾಳೆಂದು ಕಾಲಿನ ಬಿರುಕುಗಳು ಹೇಳುತ್ತಿದ್ದವು. ಆಕೆಯ ಅತ್ತಿಗೆ ನನಗೆ ನೀರು ಕೊಟ್ಟು, ಹಾಲಿನ ಗಡಿಗೆಯನ್ನು ನೆಲುವಿನಿಂದ ಇಳಿಸಿ ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡು ಬಂದಳು. ಯಾರಿಂದ ಕಾಯುತ್ತಿದ್ದಾಳೆಂದು ಹೇಳಬೇಕಾಗಿರಲಿಲ್ಲ.

ಮೆಣಸಿನ ಘಾಟಿಗೆ ಕೆಮ್ಮುತ್ತ ಎಲ್ಲ ಹೇಳಿದೆ. ಪತಂಗ, ಏಳು ಸಂಜೆ, ಎಂಟು ಸಲದ ಎಲೆ.

ಗೌರವ್ವನ ಕೈ ನಿಲ್ಲಲಿಲ್ಲ. "ಇದು ನನಗ ಗೊತ್ತಿದ್ದದ್ದ. ಆ ಮಾರಿ ಇದ್ದ ಹುಳಾ ಪೆಟಿಗಿ ಹೊಗೂದನ್ನ ನಾನೂ ಕಂಡೇನಿ. ನೀವು ಕಿವಿ ಹಚ್ಚಿದ್ದೂ ಕಂಡೇನಿ."

"ಹಂಗಾರ ಆವತ್ತ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಯಾರ್ ನಂಬ್ತಿದ್ರು? ಜೇನು ನೆಕ್ಕುವಾಕಿ ಮಾತು ಹೆಚ್ಚೋ, ಜೇನು ಮುಟ್ಟದಾಕಿ ಮಾತು ಹೆಚ್ಚೋ?" ತೊಟ್ಟುಗಳನ್ನು ಪಕ್ಕಕ್ಕೆ ಒತ್ತಿದಳು. "ನೀವ ಹೇಳ್ತೀರಂತ ಕಾದೆ. ಕೈಮುಗಿಯಾಕ ಬಂದ್ರಿ, ಈಗ ಹೇಳ್ತೀರಂದುಕೊಂಡೆ. ಭಾವಾರಿಗೆ ಹೇಳೀರೇನು?"

"ಇಲ್ಲ."

"ಮತ್ತ ನನಗ್ಯಾಕ ಹೇಳಾಕ ಬಂದ್ರಿ?"

ಅಂದು ಸಂಜೆ ಕಾಕಾ ಪೂಜೆ ಮುಗಿಸಿ ಏಳುವವರೆಗೆ ಪಡಸಾಲೆಯಲ್ಲಿ ನಿಂತಿದ್ದೆ. ಅಚ್ಚಾದ ಹಾಳೆಗಳನ್ನು ಕೈಯಲ್ಲಿ ಹಿಡಿದು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಹಾಳೆಯಲ್ಲಿ ಇಲ್ಲದ್ದನ್ನೂ ಹೇಳಿದೆ.

"ಏಳು ಸಂಜಿ ನಿಂತ ನೋಡಿದ್ರಿ?" ಎಂದು ಕೇಳಿದರು ಕಾಕಾ.

"ಹೌದ್ರಿ."

"ನನ್ನ ಪೆಟಿಗ್ಯಾಗ."

"ಹೌದ್ರಿ."

ಅವರು ನನ್ನನ್ನು ಬೈಯಲಿಲ್ಲ. ಕಾಕು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತ, "ನಾ ಆಕಿ ಕೈ ಮೂಸಿದ್ನೆಲ್ಲ," ಎಂದರು. ಎರಡು ಸಲ ಅದನ್ನೇ ಅಂದರು. ಯಾರೂ ಉಣ್ಣಲಿಲ್ಲ.

ಮರುದಿನ ಕಾಕಾ ತಾವೇ ಗಾಡಿ ಕಟ್ಟಿಸಿಕೊಂಡು ಹಳ್ಳಿಗೆ ಹೋದರು. ಮಧ್ಯಾಹ್ನ ಒಬ್ಬರೇ ತಿರುಗಿ ಬಂದರು. ಕಾಕು ಬಾಗಿಲಲ್ಲಿ ನಿಂತು ಗಾಡಿಯ ಒಳಗೆ ಇಣುಕಿ ನೋಡಿದರು.

"ಬರಂಗಿಲ್ಲಂದ್ಲು," ಎಂದು ಕಾಕಾ ರುಮಾಲು ತೆಗೆದು ಮೊಳೆಗೆ ಹಾಕಿದರು. "'ನಾಲ್ಕು ಮಂದಿ ಮುಂದ ಕಳ್ಳಿ ಅನಿಸಿಕೊಂಡು ಈ ಊರಿಗೆ ಬಂದೇನಿ, ಊರೆಲ್ಲ ಗೊತ್ತೈತಿ. ನೀವು ಒಬ್ಬರ ಬಂದು ಕಿವ್ಯಾಗ ಹೇಳಿ ಕರಕೊಂಡು ಹೋದ್ರ, ಕಳ್ಳಿನ್ನ ಕರುಣಾ ಮಾಡಿ ಒಯ್ದ್ರು ಅಂತಾರ.' ಹಂಗ ಅಂದ್ಲು. ಆಕಿ ಅಂದದ್ದು ಸರಿನ ಐತಿ." ಕಟ್ಟೆಯ ಮೇಲೆ ಕೂತು ನನ್ನನ್ನು ನೋಡಿದರು. "ಆಕಿ ಅಣ್ಣಗ ಒಂದು ಕಾಗದ ಹಾಕ್ತೇನಿ. ನೀವ ಬರದು ಕೊಡ್ರಿ. ಹುಳದಿಂದ ಆದದ್ದು, ಆಕಿ ತಪ್ಪಿಲ್ಲ ಅಂತ. ಲಕೋಟಿ ತರಸ್ತೇನಿ."

"ಲಕೋಟಿ ಬ್ಯಾಡ್ರಿ ಕಾಕಾ. ಕಾರ್ಡ್ ಸಾಕು," ಎಂದೆ. "ನಾನ ಬರೀತೇನಿ. ನನ್ನ ಹೆಸರಿಲೆ."

ಆ ಹಳ್ಳಿಯಲ್ಲಿ ಕಾರ್ಡು ಬಂದರೆ ಟಪಾಲಿನವನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾನೆ. ಯಾರಿಗೆ ಬಂದದ್ದೇ ಇರಲಿ, ಊರು ಕೇಳುತ್ತದೆ.

ಹೀಗೆ ಬರೆದೆ: ಚೆನ್ನಬಸಪ್ಪನವರ ಮನೆಯ ಜೇನು ಹೋದದ್ದು ಪತಂಗಗಳಿಂದ. ಆ ಪತಂಗಗಳನ್ನು ಸಾಕಿ ಬಿಟ್ಟವಳು ನಾನು. ಅವು ಪೆಟ್ಟಿಗೆ ಹೊಗುವುದನ್ನು ಏಳು ಸಂಜೆ ನೋಡಿ ಸುಮ್ಮನಿದ್ದೆ. ಗೌರವ್ವನವರು ಅಲ್ಲಿಗೆ ಹೋದದ್ದು ನಾನು ಎಲೆ ಬೇಡಿದ್ದಕ್ಕೆ, ಎಂಟು ಸಲ. ಕೇಳಿದಾಗ ಒಂದೆರಡು ಸಲ ಎಂದು ಸುಳ್ಳು ಹೇಳಿದೆ. ಅವರು ಏನನ್ನೂ ಕದ್ದಿಲ್ಲ. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಊರು, ನಾನು ಕಲಿಸುವ ಶಾಲೆ. ಕ್ಷಮೆಯ ಮಾತು ಬರೆಯಲಿಲ್ಲ. ಅದನ್ನು ಒಮ್ಮೆ ಪುಕ್ಕಟೆಯಾಗಿ ಪಡೆದಾಗಿತ್ತು.

ಉತ್ತರ ಬರಲಿಲ್ಲ. ಗೌರವ್ವ ಮರಳಿ ಆ ಮನೆಗೆ ಬಾಳಲು ಬರಲಿಲ್ಲ. ಆಕೆಯ ಅತ್ತಿಗೆ ಈಗ ಹಾಲಿನ ಗಡಿಗೆಯನ್ನು ನೆಲುವಿನಲ್ಲೇ ಇಡುತ್ತಾಳೆಂದು ಬಹಳ ದಿನಗಳ ಮೇಲೆ ಕಾಕು ಹೇಳಿದರು. ಅಷ್ಟೇ ನನಗೆ ಗೊತ್ತಿರುವುದು.

ಅಂದು ಆ ಕಾರ್ಡನ್ನು ಡಬ್ಬಿಗೆ ಹಾಕದೆ ಟಪಾಲು ಕಚೇರಿಯ ಕಿಟಕಿಯಲ್ಲಿ ಕೊಟ್ಟೆ. ಅಲ್ಲಿಯ ಗುಮಾಸ್ತನ ಮಗಳು ನನ್ನ ತರಗತಿಯಲ್ಲಿದ್ದಳು. ಆತ ನಮಸ್ಕಾರ ಹೇಳಿ, ವಿಳಾಸ ನೋಡಿ, ಎಲ್ಲರೂ ಮಾಡುವಂತೆ ಕಾರ್ಡು ತಿರುಗಿಸಿ ಓದತೊಡಗಿದ. ಎರಡನೆಯ ಸಾಲಿಗೆ ತಲೆಯೆತ್ತಿ ನನ್ನನ್ನು ನೋಡಿದ. ಹಿಂದೆ ನಾಲ್ಕೈದು ಜನ ನಿಂತಿದ್ದರು. ಆತ ಪೂರ್ತಿ ಓದಿ ಮುಗಿಸುವವರೆಗೆ ನಾನು ಕಿಟಕಿ ಬಿಟ್ಟು ಸರಿಯಲಿಲ್ಲ.